ಎರಡಂಕಣದ ಜಗಲಿಗೆ ಎಷ್ಟು ಕಂಬ?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಜಗಲಿ ಇರಲಿಲ್ಲ. ಹೊಸ್ತಿಲು ದಾಟಿದರೆ ಸೀದಾ ಬೀದಿ. ಮಧ್ಯಾಹ್ನದ ಬಿಸಿಲು ಒಳಗೆ ಬರುತ್ತಿತ್ತು, ಮಳೆಯ ಎರಚಲು ಒಳಗೆ ಬರುತ್ತಿತ್ತು, ಪಕ್ಕದ ಮನೆಯ ಕೋಳಿಗಳಂತೂ ತಮ್ಮದೇ ಮನೆ ಅನ್ನುವ ಹಾಗೆ ಬರುತ್ತಿದ್ದವು. ಆಗ ನನಗೆ ಏಳು ವರ್ಷ. ನಮ್ಮದು ಹನೂರಿಗೆ ಎರಡು ಮೈಲಿ ದೂರದ ಪುಟ್ಟ ಊರು. ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿ ಮೂರು ವರ್ಷ ಕಳೆದಿದ್ದರೂ ಅಜ್ಜಿ ಮಾತ್ರ ಇನ್ನೂ ನಮ್ಮದು ಕೊಯಮತ್ತೂರು ಜಿಲ್ಲೆ ಅಂತಲೇ ಹೇಳುತ್ತಿದ್ದಳು. ತಿದ್ದಲು ಹೋದವರಿಗೆ ಬೈಗುಳ ಖಾತ್ರಿ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ, ಕೊನೆಗೆ ನಾನು. ನಮ್ಮೆಲ್ಲರಿಗಿಂತ ಹೆಚ್ಚು ಜಾಗ ಹಿಡಿದಿದ್ದವು ರೇಷ್ಮೆ ಹುಳಗಳು. ನಡುಮನೆಯ ತುಂಬ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳ. ಮನೆಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಹುಳ ಹಣ್ಣಾಗಿ ಮೈ ಹಳದಿಗೆ ತಿರುಗಿದ ಮೇಲೆ ಅವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿರುತ್ತಾರೆ. ಆ ಸಂದುಗಳಲ್ಲಿ ಕೂತು ಹುಳ ಗೂಡು ಕಟ್ಟುತ್ತದೆ. ಚಂದ್ರಿಕೆಗೆ ಗಾಳಿ ಬೇಕು, ಆದರೆ ಬಿಸಿಲು ಆಗದು, ಮಳೆಯಂತೂ ಆಗಲೇ ಆಗದು. ಒಳಗೆ ಇಡಲು ನಮ್ಮಲ್ಲಿ ಜಾಗವಿಲ್ಲದೆ ಅಪ್ಪ ಅವನ್ನು ಮನೆಯ ಮುಂದಿನ ಗೋಡೆಗೆ ಒರಗಿಸುತ್ತಿದ್ದ.

ಹಿಂದಿನ ಬೆಳೆಯಲ್ಲಿ ಹೀಗೇ ಒರಗಿಸಿದ್ದಾಗ ಸಂಜೆ ಹೊತ್ತಿಗೆ ಹೇಳದೆ ಕೇಳದೆ ಮಳೆ ಹೊಡೆಯಿತು. ನಾವೆಲ್ಲ ಬಿದ್ದು ಎದ್ದು ಒಳಗೆ ತರುವಷ್ಟರಲ್ಲಿ ಏಳು ಚಂದ್ರಿಕೆ ನೆನೆದು ಹೋದವು. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಆ ಕಲೆಬಿದ್ದ ಗೂಡನ್ನು ವ್ಯಾಪಾರದವನು ಎರಡು ಬೆರಳಲ್ಲಿ ಅಮುಕಿ, ಮೂಸಿ, ಅರ್ಧ ಬೆಲೆ ಹೇಳಿದನಂತೆ. ಅಪ್ಪ ಊರಿಗೆ ಬಂದವನೇ, ಈ ಸಲ ಮಳೆಗಾಲಕ್ಕೆ ಮೊದಲು ಎರಡಂಕಣದ ಜಗಲಿ ಕಟ್ಟಿಸಿಯೇ ತೀರುತ್ತೇನೆ ಅಂದ. ಅಂಕಣ ಅಂದರೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಜಾಗ. ನಮ್ಮ ಕಡೆ ಮನೆಯನ್ನು ಅಳೆಯುತ್ತಿದ್ದುದೇ ಅಂಕಣದ ಲೆಕ್ಕದಲ್ಲಿ.

ಅದೇ ಬೇಸಿಗೆಯಲ್ಲಿ ಅಕ್ಕ ಎಂಟನೇ ಕ್ಲಾಸು ಪಾಸಾದಳು. ಮುಂದೆ ಹೈಸ್ಕೂಲು ಓದಬೇಕಾದರೆ ಕೊಳ್ಳೇಗಾಲಕ್ಕೆ ಹೋಗಬೇಕು. ಅಲ್ಲಿ ಸೋದರತ್ತೆ ಇದ್ದಳು, ಊಟ ತಿಂಡಿಗೆ ಯೋಚನೆ ಇರಲಿಲ್ಲ. ಫೀಸು, ಪುಸ್ತಕ, ಎರಡು ಜೊತೆ ಬಟ್ಟೆ ಸೇರಿ ಇಪ್ಪತ್ತು ರೂಪಾಯಿ ಬೇಕು ಅಂತ ಅತ್ತೆ ಹೇಳಿ ಕಳಿಸಿದ್ದಳು. ಅಪ್ಪ ಒಪ್ಪಿದ್ದ. ಒಪ್ಪಿದ ದಿನದಿಂದ ಅಕ್ಕನ ನಡಿಗೆಯೇ ಬದಲಾಗಿತ್ತು. ನೀರಿಗೆ ಹೋದರೂ ಹಾಡಿಕೊಂಡು ಹೋಗುತ್ತಿದ್ದಳು. ನನ್ನ ಜಡೆಯನ್ನು ಎಳೆಯದೆ ಹೆಣೆಯುತ್ತಿದ್ದಳು, ಅದೇ ದೊಡ್ಡ ಆಶ್ಚರ್ಯ.

ಅಪ್ಪನ ತಗಡಿನ ಡಬ್ಬಿಯಲ್ಲಿ ಇದ್ದದ್ದು ಇನ್ನೂರ ಇಪ್ಪತ್ತು ರೂಪಾಯಿ. ಅಕ್ಕನ ಇಪ್ಪತ್ತು ಕಳೆದರೆ ಇನ್ನೂರು. ಜಗಲಿ ಇನ್ನೂರರೊಳಗೆ ಆಗಬೇಕು. ಆಗುತ್ತದಾ ಇಲ್ಲವಾ ನೋಡಲು ಒಂದು ಭಾನುವಾರ ಬೆಳಗ್ಗೆ ಅಪ್ಪ ಹೊಸ್ತಿಲ ಮೇಲೆ ಕೂತು ಅಕ್ಕನನ್ನು ಕರೆದ. ಅಪ್ಪನಿಗೆ ಬೆರಳೆಣಿಕೆ ಮೀರಿದ ಲೆಕ್ಕ ಬರುತ್ತಿರಲಿಲ್ಲ. ಅಕ್ಕ ಸ್ಲೇಟು ಬಳಪ ಹಿಡಿದು ಬಂದಳು. ನಾನು ಅವಳ ಭುಜಕ್ಕೆ ಜೋತುಬಿದ್ದೆ.

ಹಿಂದಿನ ವಾರ ಹನೂರಿನ ಸಂತೆಯಲ್ಲಿ ಅಪ್ಪ ಗಾರೆ ಮೇಸ್ತ್ರಿಯನ್ನು ಕಂಡು ಬೆಲೆಯನ್ನೆಲ್ಲ ಕೇಳಿಕೊಂಡು ಬಂದಿದ್ದ. ಅದನ್ನು ಒಂದೊಂದಾಗಿ ಹೇಳಿದ.

"ಅಂಕಣಕ್ಕೆ ಎಲ್ಡು ಕಲ್ಗಂಬ ಅಂದ ಮೇಸ್ತ್ರಿ. ನಮ್ದು ಎಲ್ಡಂಕಣ. ಎಷ್ಟಾಯ್ತವ್ವ?"

"ಎರಡೆರಡ್ಲಿ ನಾಲ್ಕು," ಅಕ್ಕ ಮಗ್ಗಿ ಒಪ್ಪಿಸಿದ ಹಾಗೆ ಹೇಳಿ ಬರೆದುಕೊಂಡಳು. ಕಂಬ ಒಂದಕ್ಕೆ ಹದಿನಾಲ್ಕು ರೂಪಾಯಿ, ಗಾಡಿ ಬಾಡಿಗೆ ಕಂಬಕ್ಕೆ ಎರಡು, ಅಲ್ಲಿಗೆ ನಾಲ್ಕು ಕಂಬಕ್ಕೆ ಅರವತ್ತನಾಲ್ಕು. ತೊಲೆ, ರೀಪಿಗೆ ನಲವತ್ತೆಂಟು. ನಾಡಹೆಂಚಿಗೆ ಮೂವತ್ತು. ಸುಣ್ಣಕ್ಕೆ ಹದಿನೈದು. ಮೊಳೆ, ಹಗ್ಗ, ಚಿಲ್ಲರೆ ಖರ್ಚಿಗೆ ಎಂಟು. ಮೇಸ್ತ್ರಿಗೂ ಆಳುಗಳಿಗೂ ಕೂಲಿ ಐವತ್ತೆರಡು. ಬಳಪದ ಕಿರುಗುಟ್ಟುವ ಸದ್ದು ನಿಂತಿತು. ಅಕ್ಕ ಕೂಡಿದಳು. ಮತ್ತೆ ಕೂಡಿದಳು. ಅವಳ ಕಿವಿ ಕೆಂಪಾಗುತ್ತಿರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಇನ್ನೂರ ಹದಿನೇಳು," ಅಂದಳು.

ಅಪ್ಪ ಬೀದಿಯ ಕಡೆ ತಿರುಗಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ, "ಈ ವರ್ಷ ಜಗ್ಲಿ ಆಗ್ಲಿ ಕಣವ್ವ. ಸ್ಕೂಲು ಬರೋ ವರ್ಷ ನೋಡಾಣ."

ಬರೋ ವರ್ಷ! ಆ ಮಾತಿನ ಅರ್ಥ ನನಗೇ ಗೊತ್ತಿತ್ತು ಅಂದ ಮೇಲೆ ಅಕ್ಕನಿಗೆ ಗೊತ್ತಿರುವುದಿಲ್ಲವೇ? ನಮ್ಮ ದೊಡ್ಡಪ್ಪನ ಮಗಳಿಗೂ ಬರೋ ವರ್ಷ ಅಂದಿದ್ದರು. ಆ ವರ್ಷ ಬರುವಷ್ಟರಲ್ಲಿ ಅವಳ ಮದುವೆ ಮುಗಿದು, ಗಂಡನ ಮನೆಯಲ್ಲಿ ಸಗಣಿ ಬಾಚುತ್ತಿದ್ದಳು. ಆದರೂ ಅಪ್ಪನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ಬೆಳೆ ನೆನೆದರೆ ನಾವೈದು ಜನ ಏನು ತಿನ್ನಬೇಕು ಅನ್ನುವುದು ಅವನ ಹೊಟ್ಟೆಯೊಳಗಿನ ಸಂಕಟ. ನನಗೆ ಸಿಟ್ಟು ಬಂದದ್ದು ಅಕ್ಕನ ಮೇಲೆ. ಅಪ್ಪನಿಗೆ ಲೆಕ್ಕ ಬರುವುದಿಲ್ಲ, ಸ್ಲೇಟು ಇವಳ ಕೈಯಲ್ಲೇ ಇದೆ, ಇನ್ನೂರು ಅಂತ ಬರೆದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಕಿವಿಯಲ್ಲಿ ಅದನ್ನೇ ಹೇಳಿದೆ.

"ನಾನು ಕಮ್ಮಿ ಬರುದ್ರೆ ಮೇಸ್ತ್ರಿ ಕಮ್ಮಿ ಈಸ್ಕತ್ತನಾ? ಸುಮ್ನಿರು," ಅಂದಳು.

ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಕುಟ್ಟುತ್ತ ಒಳಗಿನಿಂದ ಬಂದಳು. ಅವಳಿಗೆ ಮೊಮ್ಮಗಳನ್ನು ಓದಿಸಬೇಕು ಅಂತ ಆಸೆಯಿತ್ತೋ, ಮಗನನ್ನು ಕೆಣಕಬೇಕು ಅಂತ ಇತ್ತೋ ದೇವರಿಗೇ ಗೊತ್ತು. "ಇಷ್ಟೊಂದು ಸುರುದ್ರೂ ನಿನ್ನ ಜಗ್ಲೀಲಿ ಚಂದ್ರಿಕೆ ಎಷ್ಟು ಇಡ್ಬೋದ್ಲಾ?" ಅಂದಳು.

ಅಪ್ಪನಿಗೂ ರೇಗಿತು. "ತೋರುಸ್ತೀನಿ ನಿಂತ್ಕವ್ವ," ಅಂತ ಎದ್ದವನೇ ಹಗ್ಗ ತಂದ. ಗೋಡೆಯ ಉದ್ದಕ್ಕೆ ಅಳೆದು, ಅಂಕಣಕ್ಕೆ ಎಂಟಡಿಯಂತೆ ನೆಲದ ಮೇಲೆ ಗೀಟು ಎಳೆದ. ಕಂಬ ಎಲ್ಲಿ ಬರುತ್ತದೆ ಅಂತ ಕಣ್ಣಿಗೆ ಕಾಣಲು ನಮ್ಮನ್ನೇ ನಿಲ್ಲಿಸತೊಡಗಿದ. ನಾಲ್ಕು ಕಂಬ, ಮನೆಯಲ್ಲಿ ನಾಲ್ಕು ಹೆಣ್ಣು. ಸರಿಹೋಯಿತು.

ಮೊದಲನೇ ಅಂಕಣಕ್ಕೆ ಈ ತುದಿಯಲ್ಲಿ ನಾನು. ಎಂಟಡಿ ಆಚೆಗೆ ಅವ್ವ. ಸೊಪ್ಪು ಹೆಚ್ಚುತ್ತಿದ್ದವಳು ಕುಡುಗೋಲು ಹಿಡಿದೇ ಬಂದು ನಿಂತಳು. ನಾನು ಎರಡೂ ಕೈ ಮೇಲಕ್ಕೆತ್ತಿ ಸೂರು ಹೊತ್ತ ಹಾಗೆ ನಿಂತೆ. ಕಾಲಡಿಯ ಮಣ್ಣು ಕಾದು ಸುಡುತ್ತಿತ್ತು, ಆದರೂ ಕಂಬ ಕುಣಿಯಬಾರದಲ್ಲ, ತಡೆದುಕೊಂಡೆ. ನಮ್ಮಿಬ್ಬರ ನಡುವೆ ಅಪ್ಪ ಒಂದು ಚಂದ್ರಿಕೆ ತಂದು ಒರಗಿಸಿದ.

"ಈಗ ಎಲ್ಡನೇ ಅಂಕಣ. ಇಲ್ಲಿಂದ ಸುರು ಆಯ್ತದ. ಅವ್ವೋ, ನೀನು ಇಲ್ಲಿ ಬಾ," ಅಂದ ಅಪ್ಪ ಅಜ್ಜಿಗೆ. ಅಕ್ಕನನ್ನು ಕೊನೆಯ ತುದಿಗೆ ಕಳಿಸಿದ. ಅವಳು ಸ್ಲೇಟನ್ನು ಎದೆಗೆ ಅವುಚಿಕೊಂಡು ತಲೆ ತಗ್ಗಿಸಿ ನಿಂತಳು.

ಅಜ್ಜಿ ಬಂದು ನೋಡಿದರೆ ಎರಡನೇ ಅಂಕಣ ಶುರುವಾಗುವ ಜಾಗದಲ್ಲಿ ಅವ್ವ ನಿಂತಿದ್ದಳು. ನಮ್ಮ ಮನೆಯಲ್ಲಿ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂರುತ್ತಿರಲಿಲ್ಲ, ಇನ್ನು ಒಂದೇ ಗೀಟಿನ ಮೇಲೆ ನಿಲ್ಲುತ್ತಾರೆಯೇ?

"ವಸಿ ಸರ್ಕ," ಅಂದಳು ಅಜ್ಜಿ.

"ನಂಗೆ ಇಲ್ಲೇ ನಿಂತ್ಕ ಅಂದವ್ರೆ ನಿಮ್ಮ ಮಗ," ಅಂದಳು ಅವ್ವ, ಒಂದಂಗುಲವೂ ಅಲುಗಾಡದೆ.

ಭುಜಕ್ಕೆ ಭುಜ ತಾಗಿತು. ಅಪ್ಪ ಇತ್ತ ಸರಿಯಿರಿ ಅತ್ತ ಸರಿಯಿರಿ ಅಂತ ಕೈ ಆಡಿಸುತ್ತಿದ್ದ. ಕೊನೆಗೆ ಅಜ್ಜಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಉಗುಳಿ, "ನಾನಿಲ್ದಿದ್ರೂ ನಿನ್ನ ಜಗ್ಲಿ ನಿಂತ್ಕತ್ತದ ಓಗ್ಲಾ!" ಅಂತ ಸೆರಗು ಕೊಡವಿ ಒಳಗೆ ಹೊರಟೇಬಿಟ್ಟಳು.

ನಾನು ಸಾಲನ್ನು ನೋಡಿದೆ. ಈ ತುದಿಗೆ ನಾನು, ನಡುವೆ ಅವ್ವ, ಆ ತುದಿಗೆ ಅಕ್ಕ. ನನಗೂ ಅವ್ವನಿಗೂ ನಡುವೆ ಒಂದು ಅಂಕಣ, ಅವ್ವನಿಗೂ ಅಕ್ಕನಿಗೂ ನಡುವೆ ಇನ್ನೊಂದು. ಎಲ್ಲ ಹಾಗೇ ಇತ್ತು.

"ಅಪ್ಪ, ಅಜ್ಜಿ ಒಂಟೋದ್ರೂ ಬೀಳ್ಲಿಲ್ಲ!" ಅಂತ ಕೂಗಿದೆ. ಸೂರು ಬೀಳುತ್ತದೇನೋ ಅಂತ ನಾನು ನಿಜವಾಗಿಯೂ ಕಾಯುತ್ತಿದ್ದೆ, ಅಷ್ಟು ಪೆದ್ದಿ ನಾನು.

ಅಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ನಮ್ಮ ಮೂವರನ್ನೂ ಬೆರಳು ತೋರಿಸಿ ಎಣಿಸಿದ. ಆ ಕಡೆಯಿಂದ ಬಂದು ಇನ್ನೊಂದು ಸಲ ಎಣಿಸಿದ. ಎಣಿಕೆ ಎಷ್ಟು ಸಲ ಮಾಡಿದರೂ ಮೂರೇ. ನಡುವಿನ ಅವ್ವ ಆ ಅಂಕಣಕ್ಕೂ ಆಗುತ್ತಿದ್ದಳು, ಈ ಅಂಕಣಕ್ಕೂ ಆಗುತ್ತಿದ್ದಳು.

ಅಕ್ಕ ತಲೆಯೆತ್ತಿದಳು. ಆದರೆ ಸ್ಲೇಟು ಒರೆಸಲಿಲ್ಲ. "ಮೇಸ್ತ್ರಿ ನಾಕು ಅಂದವ್ರಲ್ಲಪ್ಪ," ಅಂದಳು ಮೆಲ್ಲಗೆ. ಆಸೆ ಇಟ್ಟುಕೊಂಡು ಮತ್ತೆ ಕಳೆದುಕೊಳ್ಳಲು ಅವಳಿಗೆ ಭಯ.

"ಅವ್ನು ನಾಕು ಅನ್ನಲಿಲ್ಲ ಕಣವ್ವ. ಅಂಕಣಕ್ಕೆ ಎಲ್ಡು ಅಂದ. ನಾಕು ಅಂದದ್ದು ನಾವು. ತಡಿ, ಕೇಳ್ಕಂಡೇ ಬತ್ತೀನಿ," ಅಂತ ಅಪ್ಪ ಟವಲು ತಲೆಗೆ ಸುತ್ತಿಕೊಂಡು ಆ ಬಿಸಿಲಲ್ಲೇ ಹನೂರಿನ ದಾರಿ ಹಿಡಿದ. ಊಟ ಕೂಡ ಮಾಡಲಿಲ್ಲ.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಆಮೇಲೆ ಕಂಡಿಲ್ಲ. ಅಕ್ಕ ಹುಳಕ್ಕೆ ಸೊಪ್ಪು ಹಾಕಿದಳು, ತಟ್ಟೆ ಬದಲಿಸಿದಳು, ಯಾರೂ ಹೇಳದಿದ್ದರೂ ರಾಗಿ ಕೇರಿದಳು. ಬಾಗಿಲ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಮಾತ್ರ ಊರ ಬಾಗಿಲಿನ ಹುಣಸೆ ಮರದ ಬುಡಕ್ಕೂ ಮನೆಗೂ ಓಡಾಡಿ ಕಾಲು ನೋಯಿಸಿಕೊಂಡೆ. ಮೂಲೆಯಲ್ಲಿ ಅಜ್ಜಿ ನನ್ನ ಮೇಲೂ ಅವ್ವನ ಮೇಲೂ ಸಮನಾಗಿ ಮುನಿಸಿಕೊಂಡು ಮಲಗಿದ್ದಳು.

ಬಿಸಿಲು ಇಳಿದ ಮೇಲೆ ದೂರದ ತಿರುವಿನಲ್ಲಿ ಅಪ್ಪನ ಟವಲು ಕಾಣಿಸಿತು. ಅವನು ಬಾಯಿ ಬಿಡುವ ಮೊದಲೇ ಕೈ ಎತ್ತಿದ. ಮೂರು ಬೆರಳು!

"ಮೂರೇಯ ಕಣವ್ವ, ಮೂರೇ! ಬಿದ್ದು ಬಿದ್ದು ನಕ್ಕ ಮೇಸ್ತ್ರಿ," ಅನ್ನುತ್ತ ಅಪ್ಪ ಬಂದ. ಮೈಯೆಲ್ಲ ಬೆವರು, ಮುಖವೆಲ್ಲ ನಗು. ಅವ್ವ ತಂದ ನೀರಿನ ಚೆಂಬನ್ನು ಎತ್ತಿ ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡ. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಉಸಿರು ಬಿಟ್ಟ. ಇಡೀ ಮನೆಯೇ ಉಸಿರು ಬಿಟ್ಟಿತು.

ಈಗ ಅಕ್ಕ ಬೆರಳನ್ನು ನಾಲಿಗೆಗೆ ಒತ್ತಿ ನಾಲ್ಕನ್ನು ಒರೆಸಿದಳು. ಅಲ್ಲಿ ಮೂರು ಬರೆದಳು, ಅರವತ್ತನಾಲ್ಕು ಇದ್ದಲ್ಲಿ ನಲವತ್ತೆಂಟು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಕೂಡಿದಳು. ನಾವೆಲ್ಲ ಅವಳ ಸುತ್ತ ಕೂತಿದ್ದೆವು. ಮುನಿಸು ಮರೆತು ಅಜ್ಜಿಯೂ ಬಂದಿದ್ದಳು.

"ಇನ್ನೂರ ಒಂದು," ಅಂದಳು ಅಕ್ಕ. "ಇನ್ನೂ ಒಂದು ರೂಪಾಯಿ ಜಾಸ್ತಿ ಅದ ಅಪ್ಪ."

ಅಯ್ಯೋ ಇವಳ ನಿಯತ್ತೇ! ನನಗೆ ಅವಳನ್ನು ಹಿಡಿದು ಗುದ್ದಬೇಕು ಅನ್ನಿಸಿತು. ಅಪ್ಪ ಮಾತ್ರ ಅವಳ ತಲೆಯ ಮೇಲೆ ಒದ್ದೆ ಕೈ ಇಟ್ಟು, "ಆ ಒಂದು ರೂಪಾಯ್ಗೆ ನಾನು ಹೊಗೆಸೊಪ್ಪು ಬುಡ್ತೀನಿ. ನೀನು ಸ್ಕೂಲ್ಗೆ ಓಗು," ಅಂದ. ಅಕ್ಕ ಅತ್ತಳು. ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಗೊಳೋ ಅಂತ ಅತ್ತಳು. ಅಪ್ಪ ಹೊಗೆಸೊಪ್ಪು ಬಿಟ್ಟದ್ದು ನಾಲ್ಕೇ ದಿನ. ಐದನೆಯ ದಿನ ಅಜ್ಜಿಯ ಚೀಲದಿಂದ ಕದಿಯಲು ಹೋಗಿ ಸಿಕ್ಕಿಬಿದ್ದ.

ಮಳೆ ಬರುವ ಮೊದಲೇ ಜಗಲಿ ಎದ್ದಿತು. ಹೊಸ ಸುಣ್ಣದ ವಾಸನೆಯಲ್ಲಿ ಚಂದ್ರಿಕೆಗಳು ನೆಮ್ಮದಿಯಾಗಿ ಒರಗಿ ನಿಂತವು. ಅಕ್ಕ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದಳು. ಹೈಸ್ಕೂಲು ಮುಗಿಸಿ, ಟೀಚರ್ ಟ್ರೈನಿಂಗ್ ಮಾಡಿ, ಯಳಂದೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು. ಏಳು ವರ್ಷದ ನಂತರ ನನ್ನ ಸರದಿ ಬಂದಾಗ ನನ್ನನ್ನು ಕಳಿಸಬೇಕೋ ಬೇಡವೋ ಅನ್ನುವ ಮಾತೇ ಮನೆಯಲ್ಲಿ ಏಳಲಿಲ್ಲ.

ಮೊನ್ನೆ ನನ್ನ ಮಗ, ಅಂದರೆ ನಿಮ್ಮಪ್ಪ, ಈ ಮನೆಗೆ ಪೋರ್ಟಿಕೋ ಹಾಕಿಸಲು ಎಸ್ಟಿಮೇಟ್ ತರಿಸಿದನಲ್ಲ, ಕನ್ನಡಕ ಹಾಕಿಕೊಂಡು ಅದನ್ನು ಕೊನೆಯ ಸಾಲಿನವರೆಗೂ ಓದಿದೆ. ಸಿಮೆಂಟು, ಕಬ್ಬಿಣ, ಟೈಲ್ಸು, ಬಣ್ಣ ಎಲ್ಲ ಇತ್ತು, ಯಾರ ಸ್ಕೂಲ್ ಫೀಸೂ ಅದರಲ್ಲಿ ಸೇರಿರಲಿಲ್ಲ. ಅಜ್ಜಿ ಏನು ಹುಡುಕುತ್ತಿದ್ದಾಳೆ ಅಂತ ನೀವು ನಕ್ಕಿರಿ. ಆಗಲೇ ನಾನು ನಿಮಗೆ ಈ ಕಥೆ ಹೇಳಿದ್ದು. ಪೂರ್ತಿ ಕೇಳಿದ ಮೇಲೆ ನಿಮ್ಮಲ್ಲಿ ಚಿಕ್ಕವಳು ಹುಬ್ಬು ಗಂಟಿಕ್ಕಿ ಕೇಳಿದಳು, "ಎಲ್ಲಾ ಸರಿ ಅಜ್ಜಿ, ಆದ್ರೆ ಜಗಲಿ ಕಟ್ಟೋದಕ್ಕೂ ದೊಡ್ಡಜ್ಜಿ ಸ್ಕೂಲಿಗೆ ಹೋಗೋದಕ್ಕೂ ಏನು ಸಂಬಂಧ?"

ಎರಡು ಸಲ ಬಿಡಿಸಿ ಹೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. ಮೂರನೆಯ ಸಲ ನಾನು ಹೇಳಲು ಹೋಗಲಿಲ್ಲ. ಅದು ಅವಳಿಗೆ ಅರ್ಥವಾಗದೇ ಇರಲಿ ಅಂತ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ.