ಶೇಂಗಾ ಉಂಡೆಯೊಳಗಿನ ಗುಳಿಗೆ

ಮೊಮ್ಮಗಳು ಜಾಮೀನಿನ ಮೇಲೆ ಮನೆಗೆ ಬಂದು ಎಂಟು ದಿನವಾಯಿತು. ಕಂಪ್ಲಿಯ ನಮ್ಮ ಓಣಿಯಲ್ಲಿ ಎದುರಿಗೆ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದ್ದೇನೆ. ಅಕ್ಕಿಗಿರಣಿಯಲ್ಲಿ ನನ್ನ ಜೊತೆ ಕೇರುವವಳು, "ಏನಬೇ, ಮದುವಿ ಮನಿ ಆಗೇತಲ್ಲ ನಿಂದು!" ಎಂದು ನಕ್ಕಳು. ಆಗಲಿ ಬಿಡಿ, ನನ್ನ ಕೂಸು ಬಂದಿದೆ.

ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ತಿಳಿದು ಹೆಣ್ಣಾದವಳು ಅವಳು. ಹುಟ್ಟಿನಿಂದ ಬಲಗಾಲಿಗೆ ಬಲವಿಲ್ಲ, ಊರುಗೋಲು ಬೇಕು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಸೀರೆ ಎಳೆದ, ಇವಳು ಕೋಲು ಬೀಸಿದಳು, ಕೇಸು ಇವಳ ಮೇಲೆಯೇ ಆಯಿತು. ಆ ಕೋಲನ್ನೇ ಆಯುಧವೆಂದು ಕಿತ್ತುಕೊಂಡು, ಗಂಡಸರ ಜೈಲಿನಲ್ಲಿ ಒಂದು ಖೋಲಿಗೆ ಹಾಕಿದರು. ಮೈ ಹೆಣ್ಣಾಗಲೆಂದು ಡಾಕ್ಟರು ಬರೆದುಕೊಟ್ಟಿದ್ದ ದಿನದ ಗುಳಿಗೆಯೂ ನಿಂತಿತು.

ಭೇಟಿಗೆ ಹೋದಾಗ ಜಾಲರಿಯ ಆಚೆ ನೆಲದ ಮೇಲೆ ತೆವಳಿಕೊಂಡು ಬಂದಳು. ಮೂಡಿದ ಕುರುಚಲು ಕಾಣದಂತೆ ಗದ್ದಕ್ಕೆ ಬಟ್ಟೆ ಮುಚ್ಚಿಕೊಂಡಿದ್ದಳು.

"ಅಜ್ಜಿ, ಕೋಲು ಸಿಗದಿದ್ರ ಬ್ಯಾಡ. ಗುಳಿಗಿ ಕೊಡಸು. ಈ ಮೈ ನಂದಲ್ಲ ಅನ್ನಂಗ ಆಗಾಕತ್ತೈತಿ."

ಗೇಟಿನವನು ನನ್ನ ಗುಳಿಗೆ ತೆಗೆದುಕೊಳ್ಳಲಿಲ್ಲ. "ಡಾಕ್ಟರ ಚೀಟಿಯಾಗ ಹೆಣ್ಣಿನ ಹೆಸರೈತಿ, ನಮ್ಮ ಬುಕ್ಕಿನಾಗ ಗಂಡಿನ ಹೆಸರೈತಿ. ಬಿಡಂಗಿಲ್ಲಮ್ಮ."

ನನಗೆ ಅರ್ಜಿ ಬರೆಯಲು ಬಾರದು, ಉಂಡೆ ಕಟ್ಟಲು ಬರುತ್ತದೆ. ಮುಂದಿನ ಸಲ ಶೇಂಗಾ ಉಂಡೆಗೊಂದು ಗುಳಿಗೆ ಇಟ್ಟು ಒಯ್ದೆ. ಅವನು ಒಂದು ಒಡೆದ, ಇನ್ನೊಂದು ಒಡೆದ.

"ಮಾಲು ಸಾಗಸ್ತೀಯೇನಮ್ಮ, ಈ ವಯಸ್ಸಿನಾಗ?"

ನನ್ನ ಭೇಟಿ ನಿಂತಿತು. ಅಂದಿನಿಂದ ಅವಳ ಖೋಲಿಯನ್ನು, ಅವಳ ಮೈಯನ್ನು ದಿನಾ ಜಾಲಾಡಿದರಂತೆ. ಅದಕ್ಕೆ ನನ್ನ ಕೈಯೇ ಕಾರಣ.

ಕಾನೂನು ನೆರವಿನ ವಕೀಲಮ್ಮ ನನಗೆ ಬೈದಳು. "ಕದ್ದು ಕೊಡೋದಲ್ಲರಿ ಅಮ್ಮ ಇದು. ಗುಳಿಗಿ, ಕೋಲು, ಎರಡೂ ಅಕಿ ಹಕ್ಕು." ಅವಳು ಕೋರ್ಟಿನಿಂದ ಹೇಳಿಸಿದ ಮೇಲೆ ಎರಡೂ ಒಳಗೆ ಹೋದವು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ನಿನ್ನೆ ಸಂತೋಷಕ್ಕೆ ಮತ್ತೆ ಉಂಡೆ ಕಟ್ಟಿ ಅವಳ ಕೈಗಿಟ್ಟೆ. ತಿನ್ನಲಿಲ್ಲ. ಬಾಗಿಲ ಕಡೆ ನೋಡಿ, ಉಂಡೆಯನ್ನು ಎರಡು ಹೋಳು ಮಾಡಿ, ಒಳಗೆ ಬೆರಳಾಡಿಸಿದಳು.

"ಲೇ, ಏನೂ ಇಟ್ಟಿಲ್ಲ, ತಿನ್ನು. ಗುಳಿಗಿ ಗ್ವಾಡಿ ಗೂಡಿನಾಗ ಐತಿ."

"ಗೊತ್ತೈತಿ ಅಜ್ಜಿ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನೀರು ಕುಡಿಯಲು ಹೊರಟವಳು, ಕೋಲು ಗೋಡೆಗೆ ಒರಗಿದ್ದಂತೆಯೇ ತೆವಳಿಕೊಂಡು ಹೋದಳು. ಜಾಲರಿಯ ಆಚೆ ಕೇಳಿದ್ದ ಆ ನೆಲ ತಿಕ್ಕುವ ಸದ್ದು ನನ್ನ ಅಡುಗೆಮನೆಯಲ್ಲಿ ಕೇಳಿತು.

ಇವತ್ತು ಉಂಡೆ ಕಟ್ಟಲಿಲ್ಲ. ಹುರಿದ ಶೇಂಗಾ ಒಂದು ಕಡೆ, ಬೆಲ್ಲ ಒಂದು ಕಡೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಅವಳ ಮುಂದಿಟ್ಟೆ.