ಗಾಜಿನ ಮೇಲಿನ ಸುರುಳಿ

ಎಲ್ಲರ ಬಾಯಲ್ಲೂ ಗಾಜಕ್ಕನೆಂದೇ ಆಗಿಹೋದ ಆಕೆಗೆ ಖಗೋಳ ವೀಕ್ಷಣಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಂದೇ ಕೆಲಸ. ಹಿಂದೆ ದೂರದರ್ಶಕದಲ್ಲಿ ತೆಗೆದ ಆಕಾಶದ ಚಿತ್ರಗಳಿರುವ ಗಾಜಿನ ಹಲಗೆಗಳನ್ನು ಒರೆಸಿ ಲಕೋಟೆಗೆ ಸೇರಿಸಬೇಕು. ಬರಿಯ ಗಾಜಿನ ಬದಿಯನ್ನಷ್ಟೇ ಒರೆಸಬೇಕು. ಚಿತ್ರ ಮೂಡಿದ ಬದಿಗೆ ಬಟ್ಟೆ ತಾಗಕೂಡದು. ಹಲಗೆಯಲ್ಲಿ ಆಕಾಶ ಬಿಳಿ, ನಕ್ಷತ್ರಗಳು ಕಪ್ಪು ಚುಕ್ಕೆ. ಆ ಚುಕ್ಕೆಗಳನ್ನು ನೋಡುವ ಆಸೆ ಎಂದೋ ಬತ್ತಿತ್ತು. ಈಗ ಕಣ್ಣೂ ಸೋತಿತ್ತು.

ಆ ಮಧ್ಯಾಹ್ನ ಒಂದು ಹಲಗೆಯ ನಡುವೆ ಹೆಬ್ಬೆರಳಿನ ಗುರುತು ಕಂಡಿತು. ಮೂರು ಸಲ ಒರೆಸಿದರೂ ಹೋಗಲಿಲ್ಲ. ಬೇಸತ್ತು ಹಲಗೆಯನ್ನು ಮಗುಚಿ ಆಚೆ ಬದಿಯನ್ನೂ ಉಜ್ಜಿಬಿಟ್ಟಳು. ಉಜ್ಜಿದ ಮೇಲೆಯೇ ಅದು ಚಿತ್ರದ ಬದಿಯೆಂದು ಹೊಳೆದದ್ದು. ಆ ಚಿತ್ರಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಮುಚ್ಚಿಡಲು ಮನಸ್ಸೊಪ್ಪದೆ ಹಲಗೆಯನ್ನು ಮೇಲಧಿಕಾರಿಯ ಮುಂದಿಟ್ಟಳು. ಅವರು ಅದನ್ನು ದೀಪದ ಮೇಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು.

“ಅಕ್ಕಾ, ಇದು ಬೆರಳಿನ ಗುರುತಲ್ಲ. ಸುರುಳಿ ಗ್ಯಾಲಕ್ಸಿ. ಕೋಟಿಗಟ್ಟಲೆ ಸೂರ್ಯರನ್ನ ಒಂದೇ ಬಟ್ಟೇಲಿ ಒರೆಸಿ ಹಾಕೋಕೆ ಹೊರಟಿದ್ರಲ್ಲ!”

“ತಮಾಷೆ ಆಮೇಲೆ ಮಾಡಿ ಸಾರ್. ಹಾಳಾಯ್ತಾ ಇಲ್ವಾ, ಅದನ್ನ ಹೇಳಿ.”

“ಅಂಚಲ್ಲಿ ಒಂದು ಗೀರು ಬಿದ್ದಿದೆ. ಸುರುಳಿಗೆ ಏನೂ ಆಗಿಲ್ಲ. ನೀವೇ ನೋಡಿ.”

ಗಾಜಕ್ಕ ಬಗ್ಗಿದಳು. ನಡುವಿನ ಕಪ್ಪು ಉಂಡೆಯಿಂದ ಹೊರಟ ಎರಡು ತೋಳುಗಳು ಬಳಸಿಕೊಂಡು ಹೋಗಿ, ತುದಿಯಲ್ಲಿ ಹೊಗೆಯಂತೆ ಕರಗಿದ್ದವು. ಅವಳು ಬಹಳ ಹೊತ್ತು ತಲೆಯೆತ್ತಲಿಲ್ಲ.

ಆಮೇಲೆ ಲಕೋಟೆಯ ಮೇಲೆ ಗೀರಿನ ವಿಷಯವನ್ನು ತಾನೇ ಬರೆದು ರುಜು ಹಾಕಿದಳು.

“ಇವತ್ತಿಗೆ ಸಾಕು ಸಾರ್,” ಎಂದಳು. “ನಾಳೆ ಡಾಕ್ಟರಿಗೆ ಕಣ್ಣು ತೋರಿಸ್ಕೊಂಡೇ ಬಟ್ಟೆ ಮುಟ್ತೀನಿ.”