ಬ್ಯಾನರ್ ಬಿಚ್ಚುವ ಮೊದಲು

ಮೊದಲನೆಯ ವರ್ಷ ಭಾವ ಸೈಕಲ್ ತುಳಿದು ಕಾರ್ಕಳ ತಲುಪುವಷ್ಟರಲ್ಲಿ ರೇಸಿನ ಬ್ಯಾನರನ್ನು ಬಿಚ್ಚಿ ಮಡಚಿಟ್ಟಾಗಿತ್ತು. ನಡೆಸಿದವರು ಊಟಕ್ಕೆ ಹೋಗಿದ್ದರು. ರಸ್ತೆಗೆ ಎಳೆದ ಸುಣ್ಣದ ಗೆರೆಯೂ ಬಸ್ಸುಗಳ ಓಡಾಟದಲ್ಲಿ ಅಳಿಸಿಹೋಗಿತ್ತು. ರೇಸು ಮುಗಿಯುವುದು ಎಲ್ಲಿ ಎಂದು ಬೀಡದಂಗಡಿಯವನನ್ನು ಕೇಳಬೇಕಾಯಿತಂತೆ. ಮನೆಗೆ ಬಂದು ಅವರು ಇದನ್ನು ನಗುತ್ತ ಹೇಳಿದರು ಎಂದು ನನ್ನ ನೆನಪು. ಅವತ್ತು ಅವರು ಸರಿಯಾಗಿ ಊಟವನ್ನೇ ಮಾಡಲಿಲ್ಲ ಎನ್ನುತ್ತಾಳೆ ಅಕ್ಕ. ಎರಡೂ ನಿಜ ಇರಬಹುದು.

ಎಂಬತ್ತರ ದಶಕದ ಆರಂಭ ಅದು. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ ದಾಟಿ ಕಾರ್ಕಳದಲ್ಲಿ ಮುಗಿಯುವ ಆ ಸೈಕಲ್ ರೇಸನ್ನು ಒಂದು ಯುವಕ ಮಂಡಲದವರು ನಡೆಸುತ್ತಿದ್ದರು. ಭಾವ ಮಣಿಪಾಲದಲ್ಲಿ ಹೈಸ್ಕೂಲು ಮೇಷ್ಟ್ರು. ವಯಸ್ಸು ನಲವತ್ತರ ಹತ್ತಿರ, ಹೊಟ್ಟೆ ಸ್ವಲ್ಪ ಮುಂದೆ. ಮನೆ ಉಡುಪಿಯಲ್ಲಿ. ಅಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಅವರ ಜೊತೆಗೇ ಇದ್ದೆ.

"ಮುಂದಿನ ವರ್ಷ ಗೆಲ್ಲುವುದೆಲ್ಲ ಬೇಡ ಮಾರಾಯ. ಬ್ಯಾನರ್ ಇರುವಾಗ ಅದರ ಅಡಿಯಿಂದ ಹೋಗಬೇಕು. ಅಷ್ಟೇ," ಎಂದರು ಭಾವ.

ಮರುದಿನವೇ ಸೈಕಲಿನ ಭಾರ ಇಳಿಸತೊಡಗಿದರು. ಕ್ಯಾರಿಯರ್ ಹೋಯಿತು, ಸ್ಟ್ಯಾಂಡ್ ಹೋಯಿತು, ಮಡ್‌ಗಾರ್ಡ್ ಹೋಯಿತು.

"ಇನ್ನು ಚಕ್ರ ಮಾತ್ರ ಉಂಟು ನೋಡಿ," ಎಂದಳು ಅಕ್ಕ. "ಅದನ್ನೂ ಬಿಚ್ಚಿಡಿ. ಮತ್ತೆ ಭಾರವೇ ಇಲ್ಲ."

ಮೊದಲ ಮಳೆಗೆ ಅವರ ಬಿಳಿ ಅಂಗಿಯ ಬೆನ್ನಿನಲ್ಲಿ ಸೊಂಟದಿಂದ ಕುತ್ತಿಗೆಯವರೆಗೆ ಕೆಮ್ಮಣ್ಣಿನ ಗೆರೆ ಎದ್ದಿತು. ಅದನ್ನು ಒಗೆಯುವ ಕೆಲಸವನ್ನು ಅಕ್ಕ ಅವರಿಗೇ ಬಿಟ್ಟಳು.

ಉಡುಪಿಯಿಂದ ಮಣಿಪಾಲಕ್ಕೆ ಏರು. ಮೊದಲ ಕೆಲವು ತಿಂಗಳು ಭಾವ ದಿನಾ ಬೆಳಿಗ್ಗೆ ಆ ಏರನ್ನು ಒಂದೇ ಉಸಿರಿನಲ್ಲಿ ಗೆಲ್ಲಲು ನೋಡಿದರು. ಮೇಲೆ ಹೋಗಿ ಕೆಮ್ಮುತ್ತಿದ್ದರು, ತರಗತಿಯಲ್ಲಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ವಾರ ಕಳೆದಂತೆ ವೇಗ ಹೆಚ್ಚುವ ಬದಲು ಕಡಿಮೆಯಾಯಿತು.

ದಾರಿ ತೋರಿಸಿದ್ದು ಸರ್ವಿಸ್ ಬಸ್ಸು. ಎಕ್ಸ್‌ಪ್ರೆಸ್ಸಿನ ಹಾಗಲ್ಲ ಅದು. ಯಾರು ಕೈ ಎತ್ತಿದರೂ ನಿಲ್ಲುತ್ತದೆ. ಒಮ್ಮೆ ಕಲ್ಸಂಕದಲ್ಲಿ ಅದರ ಹಿಂದೆ ಸಿಕ್ಕಿಕೊಂಡ ಭಾವ, ಬಸ್ಸು ಹೊರಟಾಗ ಅದರ ಬೆನ್ನಿಗೆ ಗಾಳಿ ತಾಗದ ಜಾಗದಲ್ಲಿ ಜೀವ ಬಿಟ್ಟು ತುಳಿದರು. ಬಸ್ಸು ಕಡಿಯಾಳಿಯಲ್ಲಿ ನಿಂತಾಗ ಅದನ್ನು ದಾಟಿ, ಉಸಿರು ಸಮ ಮಾಡಿಕೊಳ್ಳುತ್ತ ಮೆಲ್ಲಗೆ ಮುಂದೆ ಹೋದರು. ಅದು ಮತ್ತೆ ಬಂತು, ಮತ್ತೆ ಅದರ ಬೆನ್ನು ಹಿಡಿದರು. ಕುಂಜಿಬೆಟ್ಟು, ಇಂದ್ರಾಳಿ, ಹೀಗೇ. ಜೋರು, ನಿಧಾನ, ಪುನಃ ಜೋರು.

"ಏರು ಇದ್ದದ್ದೇ ಗೊತ್ತಾಗಲಿಲ್ಲ ಮಾರಾಯ," ಎಂದರು ಸಂಜೆ. ಅಂದಿನಿಂದ ವಾರಕ್ಕೆ ಎರಡು ದಿನ ಆ ಬಸ್ಸೇ ಅವರ ತರಬೇತುದಾರ.

ನಾನು ಅದೇ ಬಸ್ಸಿನಲ್ಲಿ ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ಕಿಟಕಿಗಳ ತುಂಬ ಅವರದೇ ಶಾಲೆಯ ಮಕ್ಕಳು. "ಸಾರ್, ಬಸ್ಸು ಹೊರಟಿತು ಸಾರ್! ತುಳೀರಿ ಸಾರ್!" ಎಂದು ಕೂಗುತ್ತಿದ್ದವು. ಕಂಡಕ್ಟರ್ ಬಾಗಿಲಿನಿಂದ ಅರ್ಧ ದೇಹ ಹೊರಗೆ ಹಾಕಿ, "ಮೇಷ್ಟ್ರೇ, ಟಿಕೆಟ್ ತೆಗೆಯಲಿಕ್ಕೆ ಉಂಟು! ನಮ್ಮ ಬಸ್ಸಿನ ಮರೆಯಲ್ಲಿ ಬರ್ತಿದ್ದೀರಿ, ಅಲ್ವಾ?" ಎಂದ. ಭಾವ ಏದುಸಿರು ಬಿಡುತ್ತಲೇ ಒಂದು ಕೈ ಎತ್ತಿ ಸಲಾಮು ಹೊಡೆದರು. ಅರ್ಧ ಗಂಟೆ ಕಳೆದರೆ ಅದೇ ಮಕ್ಕಳ ಎದುರು ನಿಂತು ಪಾಠ ಮಾಡಬೇಕಾದವರು ಹಾಗೆ ಬೆವರಿನಲ್ಲಿ ಮುಳುಗಿ, ನಗೆಗೆ ಸಿಕ್ಕಿ, ಆದರೂ ತುಳಿಯುತ್ತಲೇ ಇದ್ದರು. ನನಗೆ ಆ ಧೈರ್ಯ ಅಂದೂ ಇರಲಿಲ್ಲ, ಇಂದೂ ಇಲ್ಲ.

ಸಂಜೆಗಳಲ್ಲಿ ಕಾಪುವಿನ ಕಡೆ ಹೋಗಿ ಕಡಲ ಗಾಳಿಗೆ ಎದುರಾಗಿ ತುಳಿದು ಬರುತ್ತಿದ್ದರು. ವಾರದಲ್ಲಿ ಒಂದು ದಿನ ಸೈಕಲ್ ಮುಟ್ಟುವಂತಿಲ್ಲ ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಎಲ್ಲಕ್ಕಿಂತ ಕಷ್ಟದ್ದು ಆ ದಿನವೇ. ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಸೈಕಲಿನ ಸುತ್ತ ಸುಳಿಯುತ್ತಿದ್ದರು.

ಮರುವರ್ಷದ ರೇಸಿನ ದಿನ ನಾನು ಬೇಗನೆ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ ಕಾದೆ. ಭಾವ ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಬೈಲೂರಿನ ಕಡೆಯಿಂದ, ಗಲ್ಲ ಹ್ಯಾಂಡಲಿಗೆ ತಾಗುವಂತೆ ಬಾಗಿ, ಅಂಗಿಯಲ್ಲಿ ಗಾಳಿ ತುಂಬಿಕೊಂಡು ಬರುತ್ತಾರೆ. ಮೂಗಿನ ತುದಿಯ ಬೆವರ ಹನಿಯೂ ಕಾಣುತ್ತದೆ. ಆದರೆ ಅದನ್ನು ನಾನು ನೋಡಲೇ ಇಲ್ಲ. ಅವರು ಬರಲು ಇನ್ನೂ ತುಂಬ ಹೊತ್ತಿದೆ ಎಂದುಕೊಂಡು ನಾನು ಹೋಟೆಲಿನ ಒಳಗೆ ಬನ್ಸ್ ತಿನ್ನುತ್ತಿದ್ದೆ. ಈ ಚಿತ್ರ ಎಲ್ಲಿಂದ ಬಂದು ನನ್ನೊಳಗೆ ಕೂತಿತೋ ತಿಳಿಯದು.

ನಾನು ಹೊರಗೆ ಬಂದಾಗ ಭಾವ ಅಂಗಡಿಯೊಂದರ ಮೆಟ್ಟಿಲ ಮೇಲೆ ಸೋಡಾ ಹಿಡಿದು ಕೂತಿದ್ದರು. ಇನ್ನೊಂದು ಕೈಯಲ್ಲಿ ತೊಡೆ ತಿಕ್ಕಿಕೊಳ್ಳುತ್ತಿದ್ದರು.

"ಬ್ಯಾನರ್ ಇತ್ತಾ ಮಾರಾಯ?" ಎಂದು ನನ್ನನ್ನೇ ಕೇಳಿದರು. "ನಾನು ತಲೆ ಎತ್ತಲೇ ಇಲ್ಲ."

ನಾನು ಕೈ ತೋರಿಸಿದೆ. ಬ್ಯಾನರ್ ಇತ್ತು. ಅದರ ಅಡಿಯಿಂದ ಇನ್ನೂ ಒಬ್ಬೊಬ್ಬರಾಗಿ ಬರುತ್ತಿದ್ದರು. ಭಾವ ಬಹಳ ಹೊತ್ತು ಅದನ್ನು ನೋಡಿದರು.

ಮಧ್ಯಾಹ್ನ ಇಬ್ಬರು ಹುಡುಗರು ಏಣಿ ತಂದು ಕಂಬಕ್ಕೆ ಒರಗಿಸಿದರು. ಭಾವ ಎದ್ದು ಕುಂಟುತ್ತ ಹೋಗಿ ಏಣಿಯ ಮೇಲೆ ಕೈ ಇಟ್ಟರು.

"ಎಲ್ಲರೂ ಬಂದಾಯಿತಾ?"

"ಒಬ್ಬ ಬಾಕಿ ಮೇಷ್ಟ್ರೇ. ಅವ ಇನ್ನೆಲ್ಲಿಂದ ಬರ್ತಾನೆ? ಊಟ ತಣ್ಣಗಾಗ್ತದೆ."

"ಊಟ ಬಿಸಿ ಮಾಡಲಿಕ್ಕೆ ಆಗ್ತದೆ. ಬ್ಯಾನರ್ ಇರಲಿ."

ಹುಡುಗರು ಗೊಣಗುತ್ತ ನೆರಳಿಗೆ ಹೋದರು. ಭಾವ ಬಿಸಿಲಿನಲ್ಲೇ ನಿಂತರು. ಕಥೆ ಕಟ್ಟುವುದಾಗಿದ್ದರೆ ಆ ಕೊನೆಯವನನ್ನು ನಾನು ಹೇಗಾದರೂ ಕರೆತರುತ್ತಿದ್ದೆ. ಅವನು ಬರಲಿಲ್ಲ. ಬಂದದ್ದು ಒಂದು ಬಸ್ಸು. ಅದರಿಂದ ಇಳಿದವನೊಬ್ಬ ಹೇಳಿದ: ಎದೆಗೆ ನಂಬರ್ ಕಟ್ಟಿಕೊಂಡಿದ್ದ ಸವಾರನೊಬ್ಬ ಬೈಲೂರಿನಲ್ಲಿ ಸೈಕಲನ್ನು ಬೇರೆ ಬಸ್ಸಿನ ಟಾಪಿಗೆ ಏರಿಸಿ ವಾಪಸ್ಸು ಉಡುಪಿ ಕಡೆ ಹೋದ.

ಭಾವ ಏಣಿಯಿಂದ ಕೈ ತೆಗೆದರು.

"ಸರಿ, ಇನ್ನು ಬಿಚ್ಚಿ," ಎಂದರು ಹುಡುಗರಿಗೆ. "ಊಟ ಎಲ್ಲಿ ಉಂಟು?"